ಏರು ಬಂದರೆ ಬಿಸಿಯಾಗುವ ಗಾಡಿ

ಮಾವ ಗಾಡಿಯ ಕೀಲಿ ಕೈಗೆ ಕೊಡುವಾಗ ಒಂದೇ ಮಾತು ಹೇಳಿದ್ದರು. "ಹಳೇ ಡೀಸೆಲ್ ಎಂಜಿನ್ನು ಕಣಮ್ಮ. ನೀರು, ಆಯಿಲ್ ನೋಡ್ಕೊಂಡ್ರೆ ಸಾಕು, ಇನ್ನೇನೂ ಕೇಳಲ್ಲ." ನಾನು ಹಾಗೇ ನೋಡಿಕೊಂಡೆ. ವಾರಕ್ಕೊಮ್ಮೆ ಬಾನೆಟ್ ಎತ್ತುತ್ತಿದ್ದೆ. ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ನೀರಿನ ಮಟ್ಟ ಸರಿ ಇರುತ್ತಿತ್ತು. ಆಯಿಲ್ ಸರಿ ಇರುತ್ತಿತ್ತು. ಆದರೂ ಒಂದು ದಿನ ಗಾಡಿ ಕುದಿಯಿತು.

1990ರ ದಶಕದ ಫೋರ್ ವ್ಹೀಲ್ ಡ್ರೈವ್ ಅದು. ಮೂರು ಲಕ್ಷ ಕಿಲೋಮೀಟರ್ ಓಡಿದೆ. ನಾಲ್ಕು ಸಿಲಿಂಡರ್, ಎರಡೂವರೆ ಲೀಟರ್, ಟರ್ಬೊ ಇದೆ. ಸಿಲಿಂಡರ್‌ಗಳಿರುವ ಬ್ಲಾಕ್ ಎರಕದ ಕಬ್ಬಿಣದ್ದು, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಅಲ್ಯೂಮಿನಿಯಂನದ್ದು. ಈ ಜೋಡಿ ಚೆನ್ನಾಗಿಯೇ ಬಾಳುತ್ತದೆ, ಬಿಸಿ ಮೀರದಿದ್ದರೆ. ಮೀರಿದರೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಹೆಡ್ ಸೊಟ್ಟಗಾಗುತ್ತದೆ, ಸೋರದಂತೆ ಮಧ್ಯೆ ಇಟ್ಟಿರುವ ತೆಳು ಹಾಳೆ, ಗ್ಯಾಸ್ಕೆಟ್, ಸೋಲುತ್ತದೆ. ಇದೆಲ್ಲ ನನಗೆ ಆವತ್ತು ಗೊತ್ತಿರಲಿಲ್ಲ.

ಆವತ್ತು ಗಾಡಿಯಲ್ಲಿ ನಾಲ್ಕು ಜನ, ಹಿಂದೆ ಟೆಂಟು, ನೀರಿನ ಕ್ಯಾನು. ಹನ್ನೆರಡು ಕಿಲೋಮೀಟರ್ ಉದ್ದದ ಏರು. ಅರ್ಧ ದಾರಿಯವರೆಗೆ ಟೆಂಪರೇಚರ್ ಮುಳ್ಳು ಎಂದಿನಂತೆ ಮಧ್ಯದಲ್ಲೇ ಇತ್ತು. ಒಂದು ತಿರುವಿನಲ್ಲಿ ನೋಡಿದೆ, ಮಧ್ಯದಲ್ಲಿತ್ತು. ಮುಂದಿನ ತಿರುವಿನಲ್ಲಿ ನೋಡಿದರೆ ಕೆಂಪು ಗೆರೆಯ ಪಕ್ಕ ಹೋಗಿ ಕೂತಿತ್ತು. ಬದಿಗೆ ನಿಲ್ಲಿಸುವಷ್ಟರಲ್ಲಿ ಬಾನೆಟ್ ಅಂಚಿನಿಂದ ಹಬೆ ಬರತೊಡಗಿತು. ಎಂಜಿನ್ ಆಫ್ ಮಾಡಿದೆ. ಕ್ಯಾಪ್ ತೆಗೆಯಲು ಹೋಗದೆ ಮುಕ್ಕಾಲು ಗಂಟೆ ಕಾದೆ. ಇಡೀ ಕಥೆಯಲ್ಲಿ ನಾನು ಮೊದಲ ಸಲಕ್ಕೇ ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಮಾರನೇ ದಿನ ಗಾಡಿ ತೋರಿಸಿದ ಮೆಕ್ಯಾನಿಕ್ ಬಾನೆಟ್ ಎತ್ತಿದರು, ಬಿಸಿ ಕೂಲಂಟನ್ನು ಗಾಳಿಗೆ ಒಡ್ಡಿ ತಣ್ಣಗಾಗಿಸುವ ರೇಡಿಯೇಟರ್ ಒಳಗೆ ಇಣುಕಿದರು, ಬಾನೆಟ್ ಇಳಿಸಿದರು. "ಹೆಡ್ ಗ್ಯಾಸ್ಕೆಟ್ ಹೋಗಿದೆ ಮೇಡಂ. ಹೆಡ್ ಇಳಿಸಬೇಕು." ಎರಡು ನಿಮಿಷವೂ ಆಗಿರಲಿಲ್ಲ.

ನನ್ನ ಕೆಲಸ ಲೆಕ್ಕ ತಪಾಸಣೆ. ವೋಚರ್ ಇಲ್ಲದ ಒಂದು ಎಂಟ್ರಿಯನ್ನೂ ನಾನು ಒಪ್ಪುವುದಿಲ್ಲ. ಆದರೆ "ಗ್ಯಾಸ್ಕೆಟ್ ಹೋಗಿದೆ" ಅಂದಾಗ ತಲೆಯಾಡಿಸಿ ಬಂದೆ. ಮನೆಗೆ ಬಂದು ಭಯಕ್ಕೆ ಹೆಡ್ ವಿಷಯ ಮುಂದಕ್ಕೆ ಹಾಕಿ, ಸಣ್ಣ ಸಣ್ಣ ಭಾಗ ಬದಲಾಯಿಸಲು ಶುರುಮಾಡಿದೆ. ಮೊದಲು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್ ಕಡೆಗೆ ನೀರು ಬಿಡುವ ಕವಾಟ. ಆಮೇಲೆ ರೇಡಿಯೇಟರ್ ಕ್ಯಾಪ್. ಆಮೇಲೆ ಕೂಲಂಟ್ ಪೂರ್ತಿ ಇಳಿಸಿ ಹೊಸದು, ಅರ್ಧ ಗ್ಲೈಕಾಲ್, ಅರ್ಧ ಡಿಸ್ಟಿಲ್ಡ್ ನೀರು. ಮೂರು ವಾರ ಹೋಯಿತು. ಏರು ಬಂದರೆ ಮತ್ತೆ ಅದೇ ಕಥೆ.

ತೆಗೆದ ಹಳೇ ಥರ್ಮೋಸ್ಟಾಟನ್ನು ಆಮೇಲೆ ಸುಮ್ನೆ ಕುತೂಹಲಕ್ಕೆ ಪರೀಕ್ಷೆ ಮಾಡಿದೆ. ದಾರ ಕಟ್ಟಿ, ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿದೆ. ಅದರ ಮೇಲೆ 82 ಎಂದು ಕೊರೆದಿತ್ತು. 82 ಡಿಗ್ರಿಗೆ ಬಾಯಿ ಬಿಡಲು ಶುರುಮಾಡಿತು, 95ರ ಹೊತ್ತಿಗೆ ಪೂರ್ತಿ ತೆರೆಯಿತು. ಒಳಗಿನ ಮೇಣ ಕರಗಿ ಹಿಗ್ಗುತ್ತದೆ, ಕವಾಟವನ್ನು ತಳ್ಳುತ್ತದೆ, ಅಷ್ಟೇ ಅದರ ಕೆಲಸ. ಆ ಕೆಲಸವನ್ನು ಅದು ಅಚ್ಚುಕಟ್ಟಾಗಿ ಮಾಡುತ್ತಿತ್ತು. ಬದಲಾಯಿಸುವ ಮೊದಲೇ ಈ ಪರೀಕ್ಷೆ ಮಾಡಬೇಕಿತ್ತು, ಅಲ್ವಾ?

ಒಬ್ಬರು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡಿ ಓಡಿಸಿ ಅಂದರು. ದಯವಿಟ್ಟು ಹಾಗೆ ಮಾಡಬೇಡಿ. ಬಹಳಷ್ಟು ಎಂಜಿನ್‌ಗಳಲ್ಲಿ ಅದಕ್ಕೆ ಎರಡು ತಟ್ಟೆ ಇರುತ್ತವೆ. ಬಿಸಿಯಾದಾಗ ಒಂದು ತಟ್ಟೆ ರೇಡಿಯೇಟರ್ ದಾರಿ ತೆರೆಯುತ್ತದೆ, ಇನ್ನೊಂದು ಬೈಪಾಸ್ ದಾರಿ ಮುಚ್ಚುತ್ತದೆ. ಕಿತ್ತುಹಾಕಿದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಕಡೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ. ಏರಿನಲ್ಲಿ ಮೊದಲಿಗಿಂತ ಬೇಗ ಕುದಿಯಬಹುದು. ಸಮತಟ್ಟಿನಲ್ಲಿ ಎಂಜಿನ್ ತಣ್ಣಗೇ ಓಡಿ ಸವೆಯುತ್ತದೆ.

ಕ್ಯಾಪ್ ಬಗ್ಗೆಯೂ ಎರಡು ಮಾತು. ಅದರ ಮೇಲೆ 0.9 ಎಂದಿತ್ತು. ಅಂದರೆ ಒಳಗೆ 0.9 ಬಾರ್ ಒತ್ತಡ ಬರುವವರೆಗೆ ಅದು ಬಿಗಿಯಾಗಿ ಮುಚ್ಚಿರುತ್ತದೆ. ಆ ಒತ್ತಡದಲ್ಲಿ ಬರೀ ನೀರೂ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಗ್ಲೈಕಾಲ್ ಬೆರೆತರೆ 120 ದಾಟುತ್ತದೆ. ಕ್ಯಾಪಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಈ ಲಾಭವೆಲ್ಲ ಹೋಯಿತು. ನನ್ನ ಹಳೇ ಕ್ಯಾಪಿನ ರಬ್ಬರ್ ಸವೆದಿತ್ತು. ಹಾಗಾಗಿ ಅದನ್ನು ಬದಲಾಯಿಸಿದ್ದು ದಂಡವಾಗಲಿಲ್ಲ. ಆದರೆ ಕುದಿಯದಂತೆ ತಡೆಯುವುದು ಬೇರೆ, ಬಿಸಿಯಾಗದಂತೆ ತಡೆಯುವುದು ಬೇರೆ. ಕ್ಯಾಪ್ ಮಾಡುವುದು ಮೊದಲನೆಯದನ್ನು ಮಾತ್ರ.

ನಾಲ್ಕನೇ ವಾರ ಕೊನೆಗೂ ತಪಾಸಣೆಯವಳ ಬುದ್ಧಿ ಕೆಲಸ ಮಾಡಿತು. ಒಂದು ನೋಟ್‌ಬುಕ್ ತೆಗೆದು ಗ್ಲೋವ್ ಬಾಕ್ಸಿನಲ್ಲಿಟ್ಟೆ. ಗಾಡಿ ಯಾವಾಗ ಬಿಸಿಯಾಗುತ್ತದೆ, ಯಾವಾಗ ಆಗುವುದಿಲ್ಲ, ಬರೆಯಬೇಕು. ಬರೆಯಲು ಹೊರಟಾಗಲೇ ಗೊತ್ತಾಗಿದ್ದು, ನನ್ನ ಹತ್ತಿರ ಬರೆಯಲು ಸಂಖ್ಯೆಯೇ ಇಲ್ಲ. "ಮುಳ್ಳು ಮಧ್ಯದಲ್ಲಿ", "ಮುಳ್ಳು ಮಧ್ಯದಲ್ಲಿ", "ಮುಳ್ಳು ಮಧ್ಯದಲ್ಲಿ", "ಕೆಂಪು".

ಎಂಜಿನ್ನಿನಿಂದ ರೇಡಿಯೇಟರಿಗೆ ಬಿಸಿ ನೀರು ಒಯ್ಯುವ ಮೇಲಿನ ಹೋಸನ್ನು ಕತ್ತರಿಸಿ, ಮಧ್ಯೆ ಒಂದು ಲೋಹದ ತುಂಡು ಸೇರಿಸಿ, ಅದಕ್ಕೆ ಸೆನ್ಸರ್ ಕೂರಿಸಿ, ಡ್ಯಾಶ್‌ಬೋರ್ಡ್ ಮೇಲೆ ಅಂಕಿ ತೋರಿಸುವ ಸಣ್ಣ ಮೀಟರ್ ಅಂಟಿಸಿದೆ. ಮೊದಲ ದಿನವೇ ಕಣ್ಣು ತೆರೆಯಿತು. ಹೊಸ ಮೀಟರ್ 84 ತೋರಿಸುವಾಗ ಹಳೇ ಮುಳ್ಳು ಮಧ್ಯದಲ್ಲಿತ್ತು. 92ಕ್ಕೂ ಮಧ್ಯದಲ್ಲೇ. 103ಕ್ಕೂ ಅಲ್ಲೇ! 105 ದಾಟಿದ ಮೇಲೆ ಒಮ್ಮೆಲೇ ಮೇಲಕ್ಕೆ ಜಿಗಿಯಿತು. ಸ್ವಲ್ಪ ಏರಿಳಿತಕ್ಕೆಲ್ಲ ಓಡಿಸುವವರು ಗಾಬರಿಯಾಗಬಾರದು ಅಂತ ಹಲವು ಗಾಡಿಗಳ ಮುಳ್ಳನ್ನು ಬೇಕೆಂದೇ ಹೀಗೆ ಜಡವಾಗಿ ಮಾಡಿರುತ್ತಾರೆ. ನನ್ನ ಗಾಡಿ ಆವತ್ತು ಒಂದು ತಿರುವಿನಲ್ಲಿ ಬಿಸಿಯಾಗಿರಲಿಲ್ಲ. ಎಷ್ಟೋ ತಿಂಗಳಿಂದ ಬಿಸಿಯಾಗಿಯೇ ಓಡುತ್ತಿತ್ತು, ನನಗೆ ಹೇಳುವವರಿರಲಿಲ್ಲ.

ಮೀಟರ್ ಬಗ್ಗೆ ಇನ್ನೊಂದು ಎಚ್ಚರ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ಹೋಸ್ ಒಡೆದು ಕೂಲಂಟ್ ಎಲ್ಲ ಸುರಿದು ಹೋದರೆ ಸೆನ್ಸರ್ ಗಾಳಿಯಲ್ಲಿ ಉಳಿಯುತ್ತದೆ, ಮುಳ್ಳು ಕೆಳಗಿಳಿಯಲೂಬಹುದು. ಬಿಸಿಯಾಗಿದ್ದ ಗಾಡಿಯ ಮುಳ್ಳು ಕಾರಣವಿಲ್ಲದೆ ಕೆಳಗೆ ಬಿತ್ತೆಂದರೆ ಖುಷಿಪಡಬೇಡಿ, ನಿಲ್ಲಿಸಿ. ಹೆಡ್‌ಲೈಟ್ ಹಾಕಿದ ತಕ್ಷಣ ಮುಳ್ಳು ಏರಿದರೆ ಅದು ಬಿಸಿಯ ವಿಷಯವೇ ಅಲ್ಲ, ಅರ್ಥಿಂಗ್ ಸಡಿಲವಾಗಿದೆ.

ಈಗ ನೋಟ್‌ಬುಕ್ಕಿಗೆ ಜೀವ ಬಂತು. ಪ್ರತಿ ಸಲ ಅದೇ ಏರು, ಅದೇ ಮೂರನೇ ಗೇರು, ಹಿಂದೆ ಅದೇ ಭಾರ, ಹೆಚ್ಚುಕಮ್ಮಿ ಅದೇ ಬಿಸಿಲು. ಹೊರಗೆ 30 ಡಿಗ್ರಿ ಇದ್ದ ದಿನಗಳ ಪುಟ ಹೀಗಿದೆ: ನಿಂತಲ್ಲೇ ಎಂಜಿನ್ ಆನ್ ಇದ್ದಾಗ 84. ಸಮತಟ್ಟಿನಲ್ಲಿ 60ರ ವೇಗಕ್ಕೆ 87. ಸಮತಟ್ಟಿನಲ್ಲಿ 90ರ ವೇಗಕ್ಕೆ 95. ಏರಿನಲ್ಲಿ ಹತ್ತು ನಿಮಿಷಕ್ಕೆ 108, ಅಲ್ಲಿಂದ ಮುಂದೆ ಹೋಗುವ ಧೈರ್ಯ ಆಗಲಿಲ್ಲ. ಏರಿನ ಮೇಲೆ ನಿಲ್ಲಿಸಿ ಎಂಜಿನ್ ಹಾಗೇ ಬಿಟ್ಟರೆ ಆರು ನಿಮಿಷಕ್ಕೆ 90.

ಈ ಅಂಕಿಗಳ ಜೊತೆ ಒಂದು ಸಂಜೆ ಕೂತೆ. ಡೀಸೆಲ್ ಎಂಜಿನ್ ಭಾರವಿಲ್ಲದೆ ಓಡುವಾಗ ತೀರಾ ಕಡಿಮೆ ಇಂಧನ ಕುಡಿಯುತ್ತದೆ, ಬಿಸಿಯೂ ಅಷ್ಟೇ ಕಡಿಮೆ. ಹಾಗಾಗಿ ನಿಂತಲ್ಲಿ 84 ಇದೆ ಅಂದರೆ ಏನೂ ಸಾಬೀತಾಗುವುದಿಲ್ಲ, ಅರ್ಧ ಸತ್ತ ರೇಡಿಯೇಟರ್ ಕೂಡ ಅಷ್ಟನ್ನು ನಿಭಾಯಿಸುತ್ತದೆ. 90ರ ವೇಗದಲ್ಲಿ ಎದುರು ಗಾಳಿ ಬೇಕಾದಷ್ಟು ಬರುತ್ತದೆ, ಫ್ಯಾನಿನ ಅಗತ್ಯವೇ ಇರಬಾರದು. ಆದರೂ 95! ಅಲ್ಲಿ ಏನೋ ಕೊರತೆ. ಒಂದೋ ನೀರು ಸರಿಯಾಗಿ ಹರಿಯುತ್ತಿಲ್ಲ, ಇಲ್ಲವೇ ಗಾಳಿ ಒಳಗೆ ನುಗ್ಗುತ್ತಿಲ್ಲ. ಏರಿನಲ್ಲಿ ಎಂಜಿನ್ ಪೂರ್ತಿ ದುಡಿಯುತ್ತದೆ, ಗಾಡಿ ಮಾತ್ರ ನಿಧಾನ. ಅಲ್ಲಿ ಗಾಳಿ ಎಳೆಯುವುದು ಫ್ಯಾನೊಂದೇ. ಮರಳು, ಕೆಸರಿನಲ್ಲಿ ಲೋ ರೇಂಜ್ (ವೇಗ ಕಡಿಮೆ, ಎಳೆಯುವ ಬಲ ಜಾಸ್ತಿ ಇರುವ ಗೇರು) ಹಾಕಿ ತೆವಳುವಾಗಲೂ ಇದೇ ಪರಿಸ್ಥಿತಿ. ಡಾಂಬರು ರಸ್ತೆಯ ಕಾರಿಗಿಂತ ನಮ್ಮ ಗಾಡಿಗಳಿಗೆ ಫ್ಯಾನ್ ಮುಖ್ಯ ಅಂತ ನಾನು ಹೇಳುವುದು ಇದಕ್ಕೇ.

ಆದರೆ ತಲೆಯೊಳಗೆ ಗ್ಯಾಸ್ಕೆಟ್ ಭೂತ ಇನ್ನೂ ಕೂತಿತ್ತು. ಮೊದಲು ಅದನ್ನು ಬಿಡಿಸಿಕೊಳ್ಳಬೇಕಿತ್ತು.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಹಿಡಿದು ನಿಂತೆ. ಗ್ಯಾಸ್ಕೆಟ್ ಸೋರುತ್ತಿದ್ದರೆ ಸಿಲಿಂಡರಿನ ಒತ್ತಡ ಕೂಲಂಟಿಗೆ ನುಗ್ಗುತ್ತದೆ, ನೀರು ಬಿಸಿಯಾಗುವ ಮೊದಲೇ ಒಂದೆರಡು ನಿಮಿಷದಲ್ಲಿ ಹೋಸ್ ಕಲ್ಲಿನಂತಾಗುತ್ತದೆ. ಡೀಸೆಲ್‌ನಲ್ಲಿ ಒತ್ತಡ ಪೆಟ್ರೋಲ್ ಎಂಜಿನ್ನಿಗಿಂತ ಬಹಳ ಜಾಸ್ತಿ, ಹಾಗಾಗಿ ಸೋರಿದರೆ ಸಾಮಾನ್ಯವಾಗಿ ಬೇಗ ಗೊತ್ತಾಗುತ್ತದೆ. ನನ್ನ ಹೋಸ್ ಮೆತ್ತಗೇ ಇತ್ತು. ರಾತ್ರಿಯಿಡೀ ತಣ್ಣಗಾದ ಮೇಲೆ ಕ್ಯಾಪ್ ತೆಗೆದಾಗ ಬುಸ್ ಅನ್ನಲಿಲ್ಲ. ಆಯಿಲ್ ಕ್ಯಾಪಿನ ಒಳಗೆ ಹಾಲಿನಂಥ ಕೆನೆ ಇರಲಿಲ್ಲ. ಹೊಗೆಯಲ್ಲಿ ಸಿಹಿ ವಾಸನೆ ಇರಲಿಲ್ಲ. ಏರು ಹತ್ತಿ ನಿಲ್ಲಿಸಿ ಓವರ್‌ಫ್ಲೋ ಬಾಟಲಿ ನೋಡಿದರೆ ಗುಳ್ಳೆ ಏಳುತ್ತಿರಲಿಲ್ಲ.

ಸಾಲದು ಅಂತ ಬ್ಲಾಕ್ ಟೆಸ್ಟರ್ ತಂದೆ. ಗಾಜಿನ ಕೊಳವೆ, ಅದರಲ್ಲಿ ನೀಲಿ ದ್ರವ, ಮೇಲೊಂದು ರಬ್ಬರ್ ಬಲ್ಬು. ರೇಡಿಯೇಟರ್ ಬಾಯಿಗಿಟ್ಟು ಒಳಗಿನ ಗಾಳಿಯನ್ನು ದ್ರವದ ಮೂಲಕ ಎಳೆಯಬೇಕು. ಸುಟ್ಟ ಗಾಳಿಯ ಕಾರ್ಬನ್ ಡೈಆಕ್ಸೈಡ್ ಇದ್ದರೆ ನೀಲಿ ಬಣ್ಣ ಹಳದಿಗೆ ತಿರುಗುತ್ತದೆ. ಇಲ್ಲಿ ಡೀಸೆಲ್‌ನವರು ಒಂದು ವಿಷಯ ನೆನಪಿಡಬೇಕು. ಭಾರವಿಲ್ಲದೆ ಓಡುವ ಡೀಸೆಲ್ ಎಂಜಿನ್ ತುಂಬ ಗಾಳಿ, ಸ್ವಲ್ಪವೇ ಇಂಧನ ತೆಗೆದುಕೊಳ್ಳುತ್ತದೆ. ಹಾಗಾಗಿ ಅದರ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆ. ಸಣ್ಣ ಸೋರಿಕೆ ಈ ಪರೀಕ್ಷೆಗೆ ಸಿಗದೆ ತಪ್ಪಿಸಿಕೊಳ್ಳಬಹುದು. ಅದಕ್ಕೇ ನಾನು ಇದೊಂದನ್ನೇ ನಂಬಲಿಲ್ಲ. ಎರಡು ಬೇರೆ ದಿನ ಮಾಡಿದೆ, ಎರಡೂ ಸಲ ನೀಲಿ ನೀಲಿಯಾಗಿಯೇ ಉಳಿಯಿತು. ಹೋಸ್, ಗುಳ್ಳೆ, ವಾಸನೆ, ಬಣ್ಣ ಎಲ್ಲ ಒಂದೇ ಮಾತು ಹೇಳಿದಾಗ ಹೆಡ್ ಇಳಿಸುವ ವಿಚಾರಕ್ಕೆ ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಎಳೆದೆ. ಆ ಗೆರೆ ಎಳೆಯುವಾಗ ಸಿಕ್ಕ ಸುಖ ದೊಡ್ಡದು.

ವಾಟರ್ ಪಂಪನ್ನು ಬೇಗ ಮುಗಿಸಿದೆ. ಕೆಳಗಿನ ಸಣ್ಣ ತೂತಿನಿಂದ ಸೋರಿದ ಕಲೆ ಇಲ್ಲ, ಪುಲ್ಲಿ ಅಲ್ಲಾಡಿಸಿದರೆ ಆಟವಿಲ್ಲ. ಬೆಲ್ಟ್ ಬಿಗಿಯಾಗಿದೆ. ಕೆಳಗಿನ ಹೋಸ್ ಎಂಜಿನ್ ಜೋರು ಮಾಡಿದಾಗ ಚಪ್ಪಟೆಯಾಗುತ್ತಿಲ್ಲ. ಏರಿನಲ್ಲಿ ಕನ್ನಡಿಯಲ್ಲಿ ಕಪ್ಪು ಹೊಗೆ ಕಾಣುವುದಿಲ್ಲ, ಹಾಗಾಗಿ ಡೀಸೆಲ್ ಪಂಪ್ ಅತಿಯಾಗಿ ಸುರಿಯುತ್ತಿಲ್ಲ. ಬ್ರೇಕ್ ಹಿಡಿದುಕೊಂಡಿಲ್ಲ, ನಾಲ್ಕೂ ಚಕ್ರದ ಹಬ್ ಮುಟ್ಟಿ ನೋಡಿದೆ.

ಉಳಿದಿದ್ದು ರೇಡಿಯೇಟರ್. ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು, ಏರು ಹತ್ತಿ ನಿಲ್ಲಿಸಿದ ಕೂಡಲೇ ಇಂಚಿಂಚೂ ನೋಡಿದೆ. ಒಳಗಿನ ಕೊಳವೆ ಕಟ್ಟಿಕೊಂಡಿದ್ದರೆ ಅಲ್ಲಲ್ಲಿ ತಣ್ಣನೆಯ ಪಟ್ಟೆಗಳು ಸಿಗುತ್ತವೆ, ಏಕೆಂದರೆ ಅಲ್ಲಿಗೆ ಬಿಸಿ ನೀರೇ ತಲುಪುವುದಿಲ್ಲ. ನನಗೆ ಪಟ್ಟೆ ಸಿಗಲಿಲ್ಲ. ಇಡೀ ರೇಡಿಯೇಟರ್ ಒಂದೇ ಸಮ ಬಿಸಿ. ಮೇಲಿನ ಹೋಸಿಗೂ ಕೆಳಗಿನ ಹೋಸಿಗೂ ಬರೀ ನಾಲ್ಕು ಡಿಗ್ರಿ ವ್ಯತ್ಯಾಸ. ನೀರು ಚೆನ್ನಾಗಿ ಹರಿಯುತ್ತಿದೆ, ಬಿಸಿಯಾಗಿ ಬಂದು ಬಿಸಿಯಾಗಿಯೇ ವಾಪಸ್ ಹೋಗುತ್ತಿದೆ. ಬಿಸಿಯನ್ನು ಕಿತ್ತುಕೊಳ್ಳಲು ಗಾಳಿ ಬರುತ್ತಿಲ್ಲ.

ಆದರೆ ಮುಂಭಾಗ ಫಳಫಳ ಅನ್ನುತ್ತಿತ್ತು. ಕೆಸರಿನಲ್ಲಿ ಓಡಾಡಿ ಬಂದಾಗೆಲ್ಲ ನಾನೇ ಪ್ರೆಶರ್ ವಾಷರ್ ಹಿಡಿದು ಗ್ರಿಲ್ ಮುಂದೆ ನಿಂತು ತೊಳೆಯುತ್ತಿದ್ದೆ. ರಾತ್ರಿ ಎಂಜಿನ್ ಕಡೆಯಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿದೆ. ಅಂಚುಗಳಲ್ಲಿ ಬೆಳಕು ಕಂಡಿತು. ಮಧ್ಯದಲ್ಲಿ ಕತ್ತಲು.

ರೇಡಿಯೇಟರ್ ಮುಂದೆ ಎಸಿ ಕಂಡೆನ್ಸರ್, ಅಂದರೆ ಎಸಿಯ ಬಿಸಿಯನ್ನು ಹೊರಹಾಕುವ ಜಾಲರಿ, ಇರುತ್ತದೆ, ಎರಡರ ನಡುವೆ ಬೆರಳು ತೂರುವಷ್ಟು ಸಂದು. ಕಂಡೆನ್ಸರಿನ ಬೋಲ್ಟ್ ಬಿಚ್ಚಿ, ಪೈಪಿಗೆ ಪೆಟ್ಟಾಗದಂತೆ ಸ್ವಲ್ಪ ಮುಂದಕ್ಕೆ ಬಾಗಿಸಿದೆ. ಸಂದಿನಲ್ಲಿ ಕಂಬಳಿ ಇತ್ತು. ನಿಜವಾಗಿ ಹಾಗೇ ಕಂಡಿತು. ಒಣಗಿದ ಕೆಸರು, ಹುಲ್ಲಿನ ಬೀಜ, ಸತ್ತ ಹುಳ, ಎಲ್ಲ ಸೇರಿ ಒತ್ತಿ ಮಾಡಿದ ದಪ್ಪ ಹಾಳೆ. ಹೊರಗಿನ ಕೆಸರನ್ನು ವರ್ಷಗಟ್ಟಲೆ ಒಳಗೆ ತಳ್ಳಿ ಆ ಕಂಬಳಿ ನೇಯ್ದದ್ದು ಬೇರೆ ಯಾರೂ ಅಲ್ಲ. ಜೊತೆಗೆ ಹತ್ತಿರದಿಂದ ಬಿಟ್ಟ ನೀರಿನ ಹೊಡೆತಕ್ಕೆ ಕಂಡೆನ್ಸರಿನ ರೆಕ್ಕೆಗಳು ಮಡಚಿ ಮಲಗಿದ್ದವು. ಮೆಕ್ಯಾನಿಕ್ ಮೇಲೆ ಇದ್ದ ಸಿಟ್ಟೆಲ್ಲ ಅಲ್ಲೇ ಇಳಿಯಿತು.

ತೊಳೆಯುವ ಸರಿಯಾದ ಕ್ರಮ ತಿರುಗುಮುರುಗು. ಎಂಜಿನ್ ಕಡೆಯಿಂದ ಮುಂದಕ್ಕೆ, ಸಾಮಾನ್ಯ ಪೈಪಿನ ಮೆತ್ತನೆಯ ನೀರು, ಮೊದಲು ನೆನೆಸಿ ಕಾದು ಆಮೇಲೆ. ನನಗೆ ಎರಡು ದಿನ ಹಿಡಿಯಿತು. ಮಡಚಿದ ರೆಕ್ಕೆಗಳನ್ನು ಚೂಪು ಕಡ್ಡಿಯಿಂದ ಒಂದೊಂದಾಗಿ ನೆಟ್ಟಗೆ ಮಾಡಿದೆ. ಗ್ರಿಲ್ ಮುಂದೆ ಮಾವ ಕಟ್ಟಿಸಿದ್ದ ಎರಡು ದೊಡ್ಡ ದೀಪಗಳನ್ನೂ ತೆಗೆದು ಮೇಲಕ್ಕೆ ಹಾಕಿಸಿದೆ, ಅವೂ ಗಾಳಿಗೆ ಅಡ್ಡ ನಿಂತಿದ್ದವು.

ಸಮತಟ್ಟಿನಲ್ಲಿ 90ರ ವೇಗಕ್ಕೆ ಈಗ 87. ಕೇಕೆ ಹಾಕಿದೆ. ಏರಿಗೆ ಹೋದೆ. 101.

ಮೊದಲಿಗಿಂತ ಏಳು ಡಿಗ್ರಿ ಕಮ್ಮಿ, ಆದರೆ ಇನ್ನೂ ಏರುತ್ತಲೇ ಇತ್ತು. ಎದುರು ಗಾಳಿ ಇದ್ದಾಗ ಸರಿ, ಇಲ್ಲದಾಗ ಸರಿಯಿಲ್ಲ. ಇನ್ನು ಬೆರಳು ತೋರಿಸಲು ಉಳಿದಿದ್ದು ಫ್ಯಾನೊಂದೇ.

ನನ್ನ ಗಾಡಿಯ ಫ್ಯಾನ್ ಬೆಲ್ಟಿನಿಂದಲೇ ತಿರುಗುತ್ತದೆ, ಆದರೆ ನಡುವೆ ಒಂದು ವಿಸ್ಕಸ್ ಕ್ಲಚ್ ಇದೆ. ಅದರ ಮೂತಿಯ ಮೇಲೆ ಎರಡು ಬೇರೆ ಲೋಹ ಬೆಸೆದು ಸುರುಳಿ ಸುತ್ತಿದ ಒಂದು ಪಟ್ಟಿ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದರೆ ಪಟ್ಟಿ ಬಿಚ್ಚಿಕೊಂಡು ಒಳಗಿನ ಕವಾಟ ತೆರೆಯುತ್ತದೆ. ಆಗ ಜೇನಿನಂಥ ಸಿಲಿಕೋನ್ ಎಣ್ಣೆ ತಟ್ಟೆಗಳ ನಡುವೆ ಬಂದು ಫ್ಯಾನನ್ನು ಹಿಡಿದು ಎಳೆಯುತ್ತದೆ. ಗಾಳಿ ತಣ್ಣಗಾದರೆ ಬಿಟ್ಟುಬಿಡುತ್ತದೆ. ವರ್ಷ ಕಳೆದಂತೆ ಎಣ್ಣೆ ಸೋರುತ್ತದೆ. ಆಮೇಲೂ ಫ್ಯಾನ್ ತಿರುಗುತ್ತಲೇ ಇರುತ್ತದೆ, ನೋಡಿದವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆದರೆ ಹಿಡಿತವಿರುವುದಿಲ್ಲ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡು, ಕೈಯಿಂದ ಫ್ಯಾನ್ ತಿರುಗಿಸಿದೆ. ಬಿಗಿಯಾಗಿ ತಡೆಯಬೇಕಿತ್ತು. ಮೂರು ಸುತ್ತು ಹಾಯಾಗಿ ಸುತ್ತಿತು. ಮೂತಿಯ ಸುತ್ತ ಎಣ್ಣೆಗೆ ಅಂಟಿದ ಬೂದು ಧೂಳಿನ ಬಳೆ. ತಿಂಗಳುಗಟ್ಟಲೆ ಅದೇ ಜಾಗಕ್ಕೆ ತಲೆ ಹಾಕಿ ನಿಂತಿದ್ದೆ, ನೋಡಿರಲಿಲ್ಲ. ಓಡುವ ಎಂಜಿನ್ನಿನ ಫ್ಯಾನಿಗೆ ಸುತ್ತಿದ ಪೇಪರ್ ಒತ್ತಿ ನಿಲ್ಲಿಸಿ ನೋಡುವವರಿದ್ದಾರೆ. ಬೆರಳು ಬೇಕಿದ್ದರೆ ಆ ಕಡೆ ಹೋಗಬೇಡಿ.

ಹೊಸ ಕ್ಲಚ್ ಹಾಕಿ ಅದೇ ಏರಿಗೆ ಹೋದೆ. ಮೂರನೇ ಗೇರು, ಅದೇ ಭಾರ. 91, 93, 95. ಅಷ್ಟರಲ್ಲಿ ಬಾನೆಟ್ ಒಳಗಿನಿಂದ ಒಂದು ದೊಡ್ಡ ಸದ್ದು ಎದ್ದಿತು, ಲಾರಿಯೊಂದು ಪಕ್ಕದಲ್ಲೇ ಬಂದಂತೆ. ಬೆಚ್ಚಿಬಿದ್ದು ಕಾಲು ತೆಗೆದೆ. ಮೀಟರ್ ನೋಡಿದರೆ 93ಕ್ಕೆ ಇಳಿಯುತ್ತಿತ್ತು. ಫ್ಯಾನ್ ಗಾಳಿ ಎಳೆಯುವ ಸದ್ದು ಅದು. ಒಂದು ನಿಮಿಷಕ್ಕೆ ಸದ್ದು ನಿಂತಿತು, ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಹನ್ನೆರಡು ಕಿಲೋಮೀಟರ್ ಮುಗಿದು ತುದಿ ಮುಟ್ಟಿದಾಗ 94.

ಅಲ್ಲಿಂದಲೇ ಮಾವನಿಗೆ ಫೋನ್ ಮಾಡಿದೆ. ಸದ್ದಿನ ವಿಷಯ ಹೇಳಿದೆ.

"ಅಯ್ಯೋ, ಅದಾ? ಮೊದಲೆಲ್ಲ ಏರು ಹತ್ತುವಾಗ ಹಾಗೇ ಕೂಗ್ತಿತ್ತು ಕಣಮ್ಮ," ಅಂದರು. "ಐದಾರು ವರ್ಷದ ಹಿಂದೆ ನಿಂತೋಯ್ತು. ಎಂಜಿನ್ನು ಪಳಗಿ ನುಣ್ಣಗಾಯ್ತು ಅಂದ್ಕೊಂಡಿದ್ದೆ."